ಉಪಯೋಗ ತಿಳಿದಿಲ್ಲ, ನೋಡಲಿ

ಫಲಾಂಕ ಬರುವ ದಿನ ಅಂಬಮ್ಮನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಮೇಜು ಒರೆಸಿದ್ದಳು, ಮೂರು ಸಲ ನೀರು ಕುಡಿದಿದ್ದಳು. ಕಿಟಕಿಯ ತನಕ ಹೋಗಿ, ಯಾಕೆ ಬಂದೆನೆಂದು ಮರೆತು ತಿರುಗಿ ಬಂದಿದ್ದಳು. ರಾಯಚೂರಿನ ಎಡೆದೊರೆ ವಿಶ್ವವಿದ್ಯಾಲಯದ ಸಂಶೋಧನಾ ಶಾಖೆಯಲ್ಲಿ ಅವಳು ಅಧೀಕ್ಷಕಿಯಾಗಿ ಹನ್ನೊಂದು ವರ್ಷವಾಗಿತ್ತು. ಅವಳ ಕಪಾಟಿನ ಬಾಗಿಲ ಒಳಗೆ ಮೊಳೆಗಳಿಗೆ ನೇತುಹಾಕಿದ ಕೀಲಿಗಳಿದ್ದವು. ಇತಿಹಾಸ, ಭೂಗರ್ಭ, ಜಾನಪದ, ಸಂಖ್ಯಾಶಾಸ್ತ್ರ. ಒಂದೊಂದು ಕೀಲಿಗೂ ಒಂದೊಂದು ಚೀಟಿ. ಎಲ್ಲವೂ ಮುಚ್ಚಿಹೋದ ವಿಭಾಗಗಳವು.

ಈ ಸಲ ಸರದಿ ಸಸ್ಯಶಾಸ್ತ್ರದ್ದು. ಆ ವಿಭಾಗದಲ್ಲಿ ಅಂಬಮ್ಮನ ಸೊಸೆ ನೀಲಗಂಗಾ ಪಿಎಚ್‌ಡಿ ಮಾಡುತ್ತಿದ್ದಳು.

ಫಲದರ್ಶಿ ಎಂಬ ಯಂತ್ರ ಬಂದು ಆಗಲೇ ಒಂಬತ್ತು ವರ್ಷ. ಅದಕ್ಕೂ ಮೊದಲು ಯಾವ ಸಂಶೋಧನೆಗೆ ಸರ್ಕಾರದ ಬೆಂಬಲ ಕೊಡಬೇಕು, ಯಾವುದಕ್ಕೆ ಬೇಡ ಎಂದು ಸಮಿತಿಗಳು ಕೂತು ನಿರ್ಧರಿಸುತ್ತಿದ್ದವು. ಸಮಿತಿ ಎಂದಮೇಲೆ ಶಿಫಾರಸು, ಜಾತಿ, ಮುನಿಸು ಎಲ್ಲ ಇದ್ದದ್ದೇ. ಯಂತ್ರಕ್ಕೆ ಅವು ಯಾವುವೂ ಇರಲಿಲ್ಲ. ಒಂದು ಪ್ರಸ್ತಾವನೆಯನ್ನು ಅದಕ್ಕೆ ಕೊಟ್ಟರೆ, ಆ ಕಾಗದದ ಮೇಲಿರುವ ತಾರೀಖಿನಲ್ಲಿ ನಿಂತು, ಆ ದಿನ ಜಗತ್ತಿಗೆ ಏನೇನು ಗೊತ್ತಿತ್ತೋ ಅಷ್ಟನ್ನೇ ಕೈಯಲ್ಲಿಟ್ಟುಕೊಂಡು, ಅಲ್ಲಿಂದ ಮೂವತ್ತು ವರ್ಷ ಮುಂದಕ್ಕೆ ಸಾವಿರಾರು ದಾರಿಗಳಲ್ಲಿ ನಡೆದು ನೋಡುತ್ತಿತ್ತು. ಎಷ್ಟು ದಾರಿಗಳಲ್ಲಿ ಜನಕ್ಕೆ ಉಪಯೋಗ ಕಂಡಿತೋ ಅದನ್ನು ನೂರಕ್ಕೆ ಇಳಿಸಿ ಒಂದು ಅಂಕಿ ಹೇಳುತ್ತಿತ್ತು. ಅದೇ ಫಲಾಂಕ. ಮೂವತ್ತೈದಕ್ಕಿಂತ ಕಡಿಮೆ ಬಂದರೆ ಅನುದಾನ ಇಲ್ಲ. ಮೂವತ್ತೈದೇ ಯಾಕೆ ಎಂದು ಯಾರೂ ಕೇಳಲಿಲ್ಲ. ಹತ್ತನೇ ತರಗತಿ ಪಾಸಾಗಿ ಬಂದವರೆಲ್ಲರಿಗೂ ಆ ಅಂಕಿ ನ್ಯಾಯವಾಗಿಯೇ ಕಂಡಿತು.

ಅನುದಾನ ನಿಂತರೆ ವಿಭಾಗ ನಿಂತಂತೆ. ಅಲ್ಲಿ ಓದುತ್ತಿದ್ದವರನ್ನು ಪರದೆ ಪದವಿಗೆ ವರ್ಗ ಮಾಡುತ್ತಿದ್ದರು. ಮನೆಯಲ್ಲಿ ಕೂತು, ಪರದೆ ನೋಡಿ, ಪರೀಕ್ಷೆ ಬರೆದು ಪಡೆಯುವ ಪದವಿ. ಪ್ರಯೋಗಶಾಲೆ ಇಲ್ಲ, ಗುರು ಇಲ್ಲ, ಆ ಪದವಿಗೆ ಎಲ್ಲೂ ಬೆಲೆಯೂ ಇಲ್ಲ. ಪರದೆಗೆ ಹೋದ ಹುಡುಗಿಯರು ಆರು ತಿಂಗಳಲ್ಲಿ ಅಡುಗೆಮನೆ ಸೇರಿಬಿಡುತ್ತಾರೆ ಎಂಬುದನ್ನು ಅಂಬಮ್ಮ ಕಣ್ಣಾರೆ ಕಂಡಿದ್ದಳು.

ಅವಳೂ ಒಂದು ಕಾಲಕ್ಕೆ ಇದೇ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದಿದವಳೇ. ಮದುವೆಯಾಯಿತು, ಓದು ನಿಂತಿತು. ಇಲ್ಲೇ ಅಟೆಂಡರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದ ನೌಕರಿ ಸಿಕ್ಕಿ, ಬಿಟ್ಟುಹೋದ ಕಟ್ಟಡಕ್ಕೇ ಗುಮಾಸ್ತೆಯಾಗಿ ವಾಪಸು ಬಂದಳು. ಆ ಕಹಿ ಅವಳ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು. ಮಗ ಸಿದ್ರಾಮನಿಗೆ ಹೆಣ್ಣು ನೋಡಲು ಹೋದಾಗ ನೀಲಗಂಗಾಳ ತಂದೆ ಕೇಳಿದ್ದು ಒಂದೇ. "ನಮ್ಮ ಹುಡುಗಿ ಇನ್ನೂ ಓದಬೇಕಂತಾಳ, ಅದಕ್ಕ ನೀವೇನಂತೀರಿ?" ಅಂಬಮ್ಮ ಎಲೆಅಡಿಕೆ ತಟ್ಟೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. "ನಾ ಜೀವಂತ ಇರೋ ತನಕ ಆಕಿ ಓದು ನಿಲ್ಲಂಗಿಲ್ರಿ."

ನೀಲಗಂಗಾಳ ಸಂಶೋಧನೆ ಒಂದು ಹುಲ್ಲಿನ ಮೇಲೆ. ಕಾಲುವೆಯ ಕೊನೆಯ ಊರುಗಳಲ್ಲಿ ಉಪ್ಪೇರಿ ಸವಳಾದ ನೆಲದಲ್ಲಿ ಅದು ಬೆಳೆಯುತ್ತಿತ್ತು. ಕುರಿಯೂ ಮೂಸದ, ಚಪ್ಪರಕ್ಕೂ ಬಾರದ ಹುಲ್ಲು. ನೀರಿಲ್ಲದೆ ಒಣಗಿ ಸತ್ತಂತೆ ವರ್ಷಗಟ್ಟಲೆ ಬಿದ್ದಿದ್ದು, ನೀರು ಸೋಕಿದರೆ ಮತ್ತೆ ಏಳುತ್ತಿತ್ತು. ಎಷ್ಟು ವರ್ಷ ಸತ್ತಂತಿದ್ದು ಏಳಬಲ್ಲದು, ಏಳುವ ಹೊತ್ತು ಬಂತೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಇಷ್ಟೇ ಅವಳ ಪ್ರಶ್ನೆ. ವಿಭಾಗದ ಹಿಂದಿನ ಶೆಡ್ಡಿನಲ್ಲಿ ನಾಲ್ಕು ನೂರು ತಟ್ಟೆಗಳಲ್ಲಿ ಒಣಹುಲ್ಲು ಇಟ್ಟು, ಬಿಸಿ, ತೇವ ಅಳೆಯುತ್ತ ಮೂರು ವರ್ಷ ಕಳೆದಿದ್ದಳು. ಇನ್ನೂ ಎರಡು ವರ್ಷ ಅವುಗಳಿಗೆ ಒಂದು ಹನಿ ನೀರೂ ತಾಕಬಾರದು. ಆಮೇಲೆ ನೀರು ಹಾಕಿ ನೋಡಬೇಕು.

ವಿಭಾಗ ಆ ವರ್ಷ ಕಳಿಸಿದ್ದು ಅದೊಂದೇ ಪ್ರಸ್ತಾವನೆ. ಮೊದಲ ಸುತ್ತಿನಲ್ಲಿ ಅದಕ್ಕೆ ಬಂದ ಫಲಾಂಕ ಹನ್ನೊಂದು. ವಿಭಾಗಕ್ಕೆ ಒಂದು ಮೇಲ್ಮನವಿಯ ಅವಕಾಶವಿತ್ತು, ಒಂದೇ ಒಂದು. ನೀಲಗಂಗಾ ಹದಿನೈದು ದಿನ ಊಟ ನಿದ್ದೆ ಮರೆತು ಪ್ರಸ್ತಾವನೆ ತಿದ್ದಿ ಬರೆದಳು. ಮೇಲ್ಮನವಿಗಾದರೆ ಮೂಲ ಕಡತವನ್ನು ಪೂರ್ತಿ ಸ್ಕ್ಯಾನ್ ಮಾಡಿ ಕಳಿಸಬೇಕೆಂದು ನಿಯಮ. ಕಳಿಸಿದವಳು ಅಂಬಮ್ಮ. ಇವತ್ತು ಅದರ ಫಲ.

ಹನ್ನೆರಡೂ ಕಾಲಿಗೆ ಪರದೆಯ ಮೇಲೆ ಅಂಕಿ ಬಂತು. ಆರು.

ಅಂಬಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆರೇ ಇತ್ತು. ಹದಿನೈದು ದಿನ ತಿದ್ದಿ ಬರೆದರೆ ಹನ್ನೊಂದು ಇದ್ದದ್ದು ಆರಾಗುವುದೆಂದರೇನು? ಸಂಶೋಧಕರಿಗೆ ಬರೀ ಅಂಕಿ ಕಾಣುತ್ತದೆ. ಒಳಗಿನ ವರದಿ ಕಾಣುವುದು ಅಧೀಕ್ಷಕಿಗೆ ಮಾತ್ರ. ಅವಳು ವರದಿ ತೆರೆದಳು. ಮೊದಲ ಸಾಲು ಓದಿ, ಮತ್ತೊಮ್ಮೆ ಓದಿದಳು.

"ಪ್ರಸ್ತಾವನೆಯ ವಿಷಯ: ಹಿಂಗಾರಿ ಹೊಲಗಳಲ್ಲಿ ಕುರಿ ಹಿಂಡಿನ ಚಲನೆ ಮತ್ತು ಕೊರಳ ಗಂಟೆಯ ಸಪ್ಪಳ."

ಏನಾಗಿದೆಯೆಂದು ಅವಳಿಗೆ ತಕ್ಷಣ ಹೊಳೆಯಿತು. ಕಾಗದರಹಿತ ಕಚೇರಿ ಎಂದು ಸರ್ಕಾರ ಮೂರು ಸಲ ಘೋಷಿಸಿ ಮೂರು ಸಲವೂ ಕಾಗದಕ್ಕೇ ಮರಳಿತ್ತು. ಎಡೆದೊರೆಯಲ್ಲಂತೂ ಒಂದು ವಿಭಾಗಕ್ಕೆ ಒಂದೇ ಕಡತ. ಹೊಸ ಪ್ರಸ್ತಾವನೆ ಬಂದಂತೆಲ್ಲ ಹಳೆಯದರ ಮೇಲೆ ಇಟ್ಟು, ತೂತು ಹೊಡೆದು, ಅದೇ ಲಾಡಿಯಲ್ಲಿ ಪೋಣಿಸುವುದು. ಅವಳಿಗೆ ಕೆಲಸ ಕಲಿಸಿದ ಹಳೆಯ ಅಧೀಕ್ಷಕರು ರಾಘವೇಂದ್ರಾಚಾರ್ ಒಂದು ಮಾತು ಹೇಳುತ್ತಿದ್ದರು. "ಕಡತ ಯಾವಾಗಲೂ ತಳದಿಂದ ಓದಬೇಕಮ್ಮ. ಮೇಲಿನಿಂದ ಓದೋನು ಅವಸರದ ಗಿರಾಕಿ." ಮೂವತ್ತು ವರ್ಷ ಅಂಬಮ್ಮ ಕಡತವನ್ನು ತಳದಿಂದಲೇ ಓದಿದ್ದಳು. ಮೇಲ್ಮನವಿಯ ಕಡತವನ್ನೂ ತಳದಿಂದಲೇ ಸ್ಕ್ಯಾನ್ ಮಾಡಿದ್ದಳು. ಯಂತ್ರ ಓದುವುದು ಮೊದಲ ಹನ್ನೆರಡು ಪುಟ ಮಾತ್ರ. ಅದಕ್ಕೆ ಸಿಕ್ಕಿದ್ದು ಇಪ್ಪತ್ತನಾಲ್ಕು ವರ್ಷದ ಹಿಂದಿನ ಯಾವನದೋ ಕುರಿ. ನೀಲಗಂಗಾ ತಿದ್ದಿ ಬರೆದದ್ದನ್ನು ಅದು ಕಣ್ಣೆತ್ತಿ ಕೂಡ ನೋಡಿರಲಿಲ್ಲ.

ಇದ್ದ ಒಂದೇ ಅವಕಾಶವನ್ನು ಅವಳು ತನ್ನ ಕೈಯಾರೆ ಹಾಳು ಮಾಡಿದ್ದಳು.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮ ಇರಲಿಲ್ಲ. ನೀಲಗಂಗಾ ಒಂದು ಬಡಿದು ನಿಲ್ಲಿಸುತ್ತಿದ್ದಳು, ಹೆಂಚಿನ ಮೇಲಿನದು ಸೀದಮೇಲೆ ತಿರುವಿ ಹಾಕುತ್ತಿದ್ದಳು. ಸೌರಫಲಕಗಳ ಹೊಲದಲ್ಲಿ ಮೇಸ್ತ್ರಿಯಾಗಿದ್ದ ಸಿದ್ರಾಮ ಕೈಕಾಲು ತೊಳೆದು ಬಂದು, ಇಬ್ಬರ ಮುಖ ನೋಡಿ, ತಟ್ಟೆ ಹಾಕಿಕೊಂಡು ಕೂತ.

"ಅತ್ತಿ, ನಾ ಬರದದ್ದರಾಗ ಏನು ತಪ್ಪಿತ್ತರಿ?" ನೀಲಗಂಗಾ ಹೆಂಚು ನೋಡುತ್ತಲೇ ಕೇಳಿದಳು. "ಹೋದ ಸಲಕ್ಕಿಂತ ಛಲೋ ಬರದೀನಿ ಅನಿಸಿತ್ತು. ನನಗ ಬರೆಯೋದ ಬರಂಗಿಲ್ಲೇನೋ."

"ಹಂಗ್ಯಾಕಂತಿ," ಎಂದಳು ಅಂಬಮ್ಮ. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮಗನ ಎದುರಿಗೆ, ಸೊಸೆಯ ಎದುರಿಗೆ, ಮೂವತ್ತು ವರ್ಷದ ಸೇವೆಯ ಎದುರಿಗೆ ಅವಳಿಗೆ ನಾಚಿಕೆಯಾಗಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ವಿಭಾಗದ ಕೀಲಿ ಒಪ್ಪಿಸುವಂತೆ ಆದೇಶ ಬಂತು. ಆದೇಶ ಕೊಡಲು ಅಂಬಮ್ಮ ತಾನೇ ಹೋದಳು. ನೀಲಗಂಗಾ ಶೆಡ್ಡಿನಲ್ಲಿ ತಟ್ಟೆಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕಣ್ಣು ಊದಿದ್ದವು. ಅದನ್ನು ನೋಡಿ ಅಂಬಮ್ಮನಿಗೆ ತಡೆಯಲಾಗಲಿಲ್ಲ.

"ಚೀಟಿ ಕೀಳಬ್ಯಾಡ ನೀಲಾ. ತಪ್ಪು ನಿಂದಲ್ಲ, ನಂದು." ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಳದ ಹಾಳೆ, ಹನ್ನೆರಡು ಪುಟ, ಕುರಿ.

ನೀಲಗಂಗಾ ಕೈಯಲ್ಲಿದ್ದ ಚೀಟಿಯನ್ನು ಸಣ್ಣಗೆ ಮಡಿಚಿದಳು. "ಗೊತ್ತಾಗಿ ಎಷ್ಟು ದಿನ ಆತ್ರಿ?"

"ಅವತ್ತ ಗೊತ್ತಾತು."

"ಎರಡು ದಿನ ನಾ ದಡ್ಡಿ ಅಂತ ನನಗ ನಾನ ಬೈಕೊಂಡೀನಿ. ನಿಮ್ಮ ಮುಂದ ಕುಂತು ಕಣ್ಣೀರು ಹಾಕೀನಿ. ನೀವು ಗೊತ್ತಿದ್ದೂ ಸುಮ್ಮನಿದ್ರಿ." ಅವಳ ದನಿ ಏರಲಿಲ್ಲ, ಅದಕ್ಕೇ ಅಂಬಮ್ಮನಿಗೆ ಹೆಚ್ಚು ನಾಟಿತು. "ತಪ್ಪಾಗೋದು ಆಗ್ತದ ಅತ್ತಿ. ಹೇಳಬಾರದಾಗಿತ್ತೇನ್ರಿ?"

ಅಂಬಮ್ಮ ಬಗ್ಗಿ ಕಿತ್ತ ಚೀಟಿಗಳನ್ನು ಆಯ್ದುಕೊಂಡಳು. "ನಾ ಬೆಂಗಳೂರಿಗೆ ಹೋಗ್ತೀನಿ," ಎಂದಳು. "ಫಲದರ್ಶಿ ಕೇಂದ್ರಕ್ಕ. ಕಾಲು ಹಿಡೀಲಿಕ್ಕಾದ್ರೂ ಹಿಡೀತೀನಿ. ನೀನೂ ಬಾ."

ಹೋಗುವ ಮುನ್ನ ಕಡತವನ್ನು ಪೂರ್ತಿ ಓದಬೇಕೆನಿಸಿತು, ಅಭ್ಯಾಸದಂತೆ ತಳದಿಂದಲೇ. ಕುರಿಯ ಪ್ರಸ್ತಾವನೆ ಬರೆದವರ ಹೆಸರು ಡಾ. ಮೌಲಾಸಾಬ್ ನದಾಫ್. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಎರಡೂ ಒಂದೇ ವಿಭಾಗವಾಗಿದ್ದ ಕಾಲದವರು. ಊರಲ್ಲಿ ಎಲ್ಲರೂ ಅವರನ್ನು ಕುರಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಅಂಬಮ್ಮನೂ ಒಂದು ಕಾಲಕ್ಕೆ ನಕ್ಕಿದ್ದಳು. ಅವರ ಅರ್ಜಿಯ ಹಿಂದೆ ಒಂದು ಹಸಿರು ಹಾಳೆಯಿತ್ತು, ಅಧಿಕಾರಿಗಳು ಷರಾ ಬರೆಯುವ ಹಾಳೆ. ಮೂರು ಮಂದಿ 'ತಿರಸ್ಕರಿಸಬಹುದು' ಎಂದು ಬರೆದಿದ್ದರು. ಕೆಳಗೆ ನಾಲ್ಕನೆಯ ಕೈಬರಹ, ಹೆಸರು ಓದಲಾಗದ ಸಹಿ. "ಉಪಯೋಗ ತಿಳಿದಿಲ್ಲ. ನೋಡಲಿ. ಮಂಜೂರು."

ಮೌಲಾಸಾಬರ ಮನೆ ಕೋಟೆಯ ಹಿಂದಿನ ಓಣಿಯಲ್ಲಿತ್ತು. ಅತ್ತೆ ಸೊಸೆ ಕಡತ ಹಿಡಿದು ಅಲ್ಲಿಗೆ ಹೋದರು. ಎಪ್ಪತ್ತು ದಾಟಿದ ಮನುಷ್ಯ ಹಸಿರು ಹಾಳೆಯ ನಾಲ್ಕನೆಯ ಸಹಿಯ ಮೇಲೆ ಬೆರಳಾಡಿಸಿದರು.

"ಈ ಮನುಷ್ಯನ್ನ ನಾ ಒಮ್ಮೆನೂ ನೋಡಿಲ್ಲಮ್ಮ. ಇವ ಸಹಿ ಹಾಕ್ದ, ನಾ ನಾಲ್ಕು ವರ್ಷ ಕುರಿಗಾರರ ಸಂಗಾಟ ಅಡ್ಡಾಡಿದೆ." ಗೂಡಿನಲ್ಲಿದ್ದ ಕಂಚಿನ ಗಂಟೆಯೊಂದನ್ನು ತೆಗೆದು ಅಲ್ಲಾಡಿಸಿದರು. "ಹಿಂಡು ಇನ್ನೂ ನೆಟ್ಟಗ ಹೊಂಟಿರ್ತದ. ಆದರ ಒಳಗ ನಾಲ್ಕಾರು ಗಂಟಿ ಸಪ್ಪಳ ಬದಲಾಗ್ತದ. ಎರಡು ನಿಮಿಷ ಬಿಟ್ಟು ನೋಡಿದ್ರ ಇಡೀ ಹಿಂಡು ಅತ್ಲಾಗ ಹೊಳ್ಳಿರ್ತದ. ಕೆಲವರ ಅಲ್ಲಾಟ ನೋಡಿ ಎಲ್ಲರ ದಾರಿ ಹೇಳೂದು. ಅದಕ್ಕೊಂದು ಲೆಕ್ಕ ಹಾಕಿದ್ದೆ."

"ಅದರಿಂದ ಏನಾತ್ರಿ ಸರ್?" ನೀಲಗಂಗಾ ಕೇಳಿದಳು.

"ಏನಾಗ್ತದವ್ವ, ನಿವೃತ್ತಿ ಆತು." ಅವರು ನಕ್ಕರು. "ಬೆಂಗಳೂರಿನವರು ಯಾರೋ ಪತ್ರ ಬರದು ಆ ಲೆಕ್ಕ ತರಿಸ್ಕೊಂಡಿದ್ರು. ಮುಂದೇನಾತೋ ಗೊತ್ತಿಲ್ಲ." ಗಂಟೆಯನ್ನು ಮತ್ತೆ ಗೂಡಿನಲ್ಲಿಡಲು ಹೋದವರು ಏನೆನ್ನಿಸಿತೋ, ಅದನ್ನು ನೀಲಗಂಗಾಳ ಕೈಗೆ ಕೊಟ್ಟರು. "ಇಟ್ಕೊ. ಇಲ್ಲಿ ಧೂಳು ತಿನ್ಲಿಕ್ಕತ್ತದ."

ಫಲದರ್ಶಿ ಕೇಂದ್ರದ ನಿಯಂತ್ರಣ ಕೊಠಡಿ ಸಿನಿಮಾ ಟಾಕೀಸಿನಷ್ಟು ದೊಡ್ಡದಿತ್ತು, ಚಳಿಯೂ ಹಾಗೇ ಇತ್ತು. ಅಂಬಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಕಡತವನ್ನು ಎದೆಗೆ ಅವಚಿಕೊಂಡು ನಿಂತಳು. ನಿರ್ದೇಶಕರ ಹೆಸರು ಕಾವೇರಪ್ಪ. ಒಳ್ಳೆಯ ಮನುಷ್ಯನೇ. ಕುರ್ಚಿ ಹಾಕಿಸಿದರು, ಬಿಸಿ ಕಾಫಿ ತರಿಸಿದರು, ಪೂರ್ತಿ ಕೇಳಿಸಿಕೊಂಡರು. ಆದರೆ ಒಳ್ಳೆಯವರ ಬಾಯಲ್ಲೂ ನಿಯಮ ನಿಯಮವೇ.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಅಮ್ಮ. ಆದ್ರೆ ಮೇಲ್ಮನವಿ ಒಂದೇ ಸಲ. ಕಡತ ತಪ್ಪಾಗಿ ಕಳಿಸಿದ್ದು ನಿಮ್ಮ ಕಡೆಯವರು. ಯಂತ್ರದ ಕಡೆಯಿಂದ ತಪ್ಪಾಗಿದ್ರೆ ಮಾತ್ರ ನಾನು ಮತ್ತೆ ತಗೋಬಹುದು. ಯಂತ್ರ ತನಗೆ ಕೊಟ್ಟಿದ್ದನ್ನ ಸರಿಯಾಗೇ ಓದಿದೆ."

ಅಂಬಮ್ಮನ ಕಣ್ಣು ಎದುರಿನ ಗೋಡೆಯಷ್ಟಗಲದ ಪರದೆಯ ಮೇಲೆ ನೆಟ್ಟಿತ್ತು. ಯಾವುದೋ ಊರಿನ ಯಾವುದೋ ಪ್ರಸ್ತಾವನೆಯನ್ನು ಯಂತ್ರ ನೋಡುತ್ತಿತ್ತು. ಕಪ್ಪು ಬಯಲಿನಲ್ಲಿ ಸಾವಿರಾರು ಬಿಳಿ ಚುಕ್ಕೆಗಳು ಒಂದು ದಿಕ್ಕಿಗೆ ಹೊರಟಿದ್ದವು. ನಡುವೆ ಎಲ್ಲೋ ನಾಲ್ಕಾರು ಚುಕ್ಕೆ ಮಿಸುಕಿದವು. ಉಳಿದವು ನೆಟ್ಟಗೇ ಹೋದವು. ಸ್ವಲ್ಪ ಹೊತ್ತಿಗೆ ಇಡೀ ಗುಂಪು ನಿಧಾನವಾಗಿ ಎಡಕ್ಕೆ ಹೊರಳಿತು.

ಅಂಬಮ್ಮನ ಅಪ್ಪ ಕುರಿ ಕಾಯ್ದವನು. ಹತ್ತು ವರ್ಷದ ತನಕ ಅವಳು ಅವನ ಬೆನ್ನ ಹಿಂದೆ ಅಲೆದಿದ್ದಳು. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡು ಹೊರಳುವುದನ್ನು ಅವಳಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

"ಸಾಹೇಬ್ರ, ಅದೇನ್ರಿ ಅದು? ಆ ಚುಕ್ಕಿ ಹೊಳ್ಳೋದು?"

ಕಾವೇರಪ್ಪನವರ ಮುಖ ಅರಳಿತು. "ಅದೇ ಯಂತ್ರದ ಜೀವಾಳ ಅಮ್ಮ. ಒಂದೊಂದು ಚುಕ್ಕೆನೂ ಒಂದು ಮುಂದಿನ ದಾರಿ. ಎಲ್ಲಾ ದಾರಿನೂ ಕೊನೆವರೆಗೂ ನಡೆದು ನೋಡೋಕೆ ನೂರು ವರ್ಷ ಬೇಕು. ಅದಕ್ಕೆ ಕೆಲವು ಚುಕ್ಕೆ ಹೇಗೆ ಮಿಸುಕುತ್ತೆ ಅಂತ ನೋಡಿ, ಎಲ್ಲಾ ಎಲ್ಲಿಗೆ ಹೋಗುತ್ತೆ ಅಂತ ಹೇಳುತ್ತೆ. ನದಾಫ್ ಸಮೀಕರಣ ಅಂತಾರೆ. ಅದೊಂದು ಇಲ್ಲದಿದ್ರೆ ಫಲದರ್ಶಿನೇ ಇಲ್ಲ."

ನೀಲಗಂಗಾ ಕಾಫಿ ಲೋಟ ಕೆಳಗಿಟ್ಟಳು. "ಯಾವ ನದಾಫ್ ರಿ ಸರ್?"

"ಯಾರೋ ಇರಾನಿ ವಿಜ್ಞಾನಿ ಇರಬೇಕು. ನಾನು ಬರೋಕೆ ಮುಂಚಿನ ಕೆಲಸ."

ಅಂಬಮ್ಮ ಕಡತದ ಲಾಡಿ ಬಿಚ್ಚಿದಳು. ಮೇಲಿನ ಹಾಳೆಗಳನ್ನೆಲ್ಲ ಮಗುಚಿ, ತಳದ ಹಾಳೆಯನ್ನು ಅವರ ಮುಂದಿಟ್ಟಳು. "ಇರಾನದವರಲ್ರಿ. ನಮ್ಮ ರಾಯಚೂರಿನವರು. ನಿಮ್ಮ ಯಂತ್ರ ಆರು ಕೊಟ್ಟದ್ದು ಇವರಿಗೇರಿ."

ಕಾವೇರಪ್ಪ ಓದಿದರು. ಪ್ರಸ್ತಾವನೆಯ ಏಳನೆಯ ಪುಟದಲ್ಲಿ ಕೈಯಿಂದ ಬರೆದ ಸಮೀಕರಣವಿತ್ತು, ಇನ್ನೂ ಅರ್ಧಂಬರ್ಧ, ಪಕ್ಕದಲ್ಲಿ ಪ್ರಶ್ನೆಯ ಗುರುತು. ಅವರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು, ಮತ್ತೆ ಕಾಗದ ನೋಡಿದರು. ಒಬ್ಬ ಸಹಾಯಕನನ್ನು ಕರೆದು ಆ ಹನ್ನೆರಡು ಪುಟಗಳನ್ನು ಮತ್ತೆ ಯಂತ್ರಕ್ಕೆ ಕೊಡಿಸಿದರು. ಯಂತ್ರ ಇಪ್ಪತ್ತನಾಲ್ಕು ವರ್ಷ ಹಿಂದಿನ ಆ ತಾರೀಖಿನಲ್ಲಿ ನಿಂತು ಪ್ರಾಮಾಣಿಕವಾಗಿ ಮುಂದೆ ನೋಡಿತು. ಕುರಿಯ ಗಂಟೆಯಿಂದ ಯಾರಿಗೂ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ತಾನೇ ಹುಟ್ಟಿ ಬರುವುದೂ ಅದಕ್ಕೆ ಕಾಣಲಿಲ್ಲ. ಪರದೆಯ ಮೇಲೆ ಮತ್ತೆ ಆರು ಮೂಡಿತು.

ಕಾವೇರಪ್ಪ ಏಳನೆಯ ಪುಟವನ್ನು ಮತ್ತೊಮ್ಮೆ ತಿರುವಿದರು.

"ಆರು ಅಂದ್ರೆ ಆಗೋದೇ ಇಲ್ಲ ಅಂತಲ್ಲ," ಕಾವೇರಪ್ಪ ಕೊನೆಗೆ ಹೇಳಿದರು. "ನೂರು ದಾರೀಲಿ ಆರರಲ್ಲಿ ಆಗಬಹುದು ಅಂತ. ಅಪರೂಪಕ್ಕೆ ಆಗಿದೆ, ಅಷ್ಟೇ."

"ಹೌದಲ್ರಿ ಸರ್," ಎಂದಳು ನೀಲಗಂಗಾ. "ನನಗ ಹನ್ನೊಂದು ಬಂದಾವ. ಅವರಿಗಿಂತ ಐದು ಹೆಚ್ಚ ಅದಾವ."

ಕಾವೇರಪ್ಪನವರಿಗೆ ನಗು ಬಂತು, ಆದರೆ ನಗಲಿಲ್ಲ. "ನನ್ನ ಕೈಲಿ ಏನಿದೆ ಹೇಳಿ? ಮೂವತ್ತೈದು ಅನ್ನೋದು ಸರ್ಕಾರದ ಆದೇಶ."

ಅಂಬಮ್ಮನಿಗೆ ಬೇರೇನೂ ತಿಳಿಯಲಿಲ್ಲ. ಕೈಗೆ ತಿಳಿದಿದ್ದನ್ನು ಮಾಡಿದಳು. ಒಂದು ಹೊಸ ಹಸಿರು ಹಾಳೆ ಕೇಳಿ ಇಸಿದುಕೊಂಡು, ಅಲ್ಲೇ ಮೇಜಿನ ತುದಿಯಲ್ಲಿ ಕೂತು, ಮೂವತ್ತು ವರ್ಷ ಬರೆದ ಭಾಷೆಯಲ್ಲೇ ಬರೆದಳು.

"ಕಡತ ಪರಿಶೀಲಿಸಿದೆ. ಕುರಿ ಹಿಂಡಿನ ಸದರಿ ಸಂಶೋಧನೆಗೆ ಫಲದರ್ಶಿ ಯಂತ್ರವು ಆರು ಅಂಕ ನೀಡಿರುತ್ತದೆ. ಸದರಿ ಸಂಶೋಧನೆ ನಡೆಯದಿದ್ದಲ್ಲಿ ಸದರಿ ಯಂತ್ರವೇ ಇರುತ್ತಿರಲಿಲ್ಲ. ಅಂದು ಈ ಯಂತ್ರವಿದ್ದು, ಅದರ ಮಾತನ್ನು ಸರ್ಕಾರ ಕೇಳಿದ್ದಲ್ಲಿ, ಇಂದು ಈ ಯಂತ್ರವಿರುತ್ತಿರಲಿಲ್ಲ. ಯಂತ್ರದ ಆರು ಸರಿ ಎಂದಾದಲ್ಲಿ ಅಂದಿನ ಮಂಜೂರಾತಿ ತಪ್ಪು. ಅಂದಿನ ಮಂಜೂರಾತಿ ಸರಿ ಎಂದಾದಲ್ಲಿ ಸಸ್ಯಶಾಸ್ತ್ರ ವಿಭಾಗವನ್ನು ಮುಚ್ಚಲು ಕಾರಣ ಉಳಿಯುವುದಿಲ್ಲ. ಎರಡರಲ್ಲಿ ಯಾವುದೆಂದು ತೀರ್ಮಾನಿಸಿ ಸೂಕ್ತ ಆದೇಶ ನೀಡಲು ಮಂಡಿಸಿದೆ."

ಕಾವೇರಪ್ಪ ಅದನ್ನು ಎರಡು ಸಲ ಓದಿದರು. ಪೆನ್ನು ತೆಗೆದರು. ಯಂತ್ರದ ಆರು ಸರಿ ಎಂದು ಬರೆದರೆ ತಾವು ಕೂತ ಕೇಂದ್ರವೇ ತಪ್ಪಿನಿಂದ ಹುಟ್ಟಿದ್ದೆಂದು ಸಹಿ ಹಾಕಿದಂತೆ. ತಪ್ಪು ಎಂದು ಬರೆದರೆ ಒಂಬತ್ತು ವರ್ಷದಲ್ಲಿ ಮುಚ್ಚಿದ ನೂರಾರು ವಿಭಾಗಗಳು ಬಾಗಿಲ ಮುಂದೆ ಬಂದು ನಿಲ್ಲುತ್ತವೆ. ಪೆನ್ನಿನ ಮುಚ್ಚಳ ಹಾಕಿದರು.

"ಇದು ನನ್ನ ಮಟ್ಟದಲ್ಲಿ ಆಗಲ್ಲ ಅಮ್ಮ. ಮೇಲಕ್ಕೆ ಕಳಿಸ್ತೀನಿ."

"ಅಲ್ಲಿಂದ ಆದೇಶ ಬರೋ ತನಕ ಏನ್ರಿ?"

"ಅಲ್ಲಿವರೆಗೆ ಯಥಾಸ್ಥಿತಿ."

ಯಥಾಸ್ಥಿತಿ. ವಾಪಸು ಬರುವ ರೈಲಿನಲ್ಲಿ ಅಂಬಮ್ಮ ಆ ಪದವನ್ನು ಬಾಯೊಳಗೇ ಹಲವು ಸಲ ಹೇಳಿಕೊಂಡಳು. ಕಡತ ಇತ್ಯರ್ಥವಾಗುವ ತನಕ ವಿಭಾಗ ಇದ್ದಂತೆಯೇ ಇರುತ್ತದೆ, ಶೆಡ್ಡು ಇರುತ್ತದೆ, ಹೊಸ ಮಕ್ಕಳಿಗೆ ಸೀಟೂ ಕೊಡಬೇಕಾಗುತ್ತದೆ. ನೀಲಗಂಗಾ ಗಂಟೆಯನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗುಂತಕಲ್ಲು ದಾಟಿದ ಮೇಲೆ ಅವಳು ತಾನಾಗಿಯೇ ಅತ್ತೆಯ ಭುಜಕ್ಕೆ ತಲೆಯಿಟ್ಟಳು. ಅಂಬಮ್ಮನಿಗೆ ಕಣ್ಣು ತುಂಬಿ ಬಂತು.

ಅಲ್ಲಿಂದ ಶುರುವಾಯಿತು ಅಂಬಮ್ಮನ ಬೇರೊಂದು ತಳಮಳ. ಜೀವಮಾನವೆಲ್ಲ ಕಡತಗಳನ್ನು ಮುಂದಕ್ಕೆ ತಳ್ಳಲು ಒದ್ದಾಡಿದವಳು ಈಗ ಒಂದು ಕಡತ ಮುಂದೆ ಹೋಗದಿರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿಯತೊಡಗಿದಳು. ದಿನಾ ಬೆಳಿಗ್ಗೆ ಕಚೇರಿಗೆ ಬಂದವಳೇ ಪರದೆ ತೆರೆದು ಕಡತ ಎಲ್ಲಿದೆಯೆಂದು ನೋಡುವಳು. ಉನ್ನತ ಶಿಕ್ಷಣ ಇಲಾಖೆ, ಕಾನೂನು ಇಲಾಖೆ, ಮತ್ತೆ ಉನ್ನತ ಶಿಕ್ಷಣ, ಅಲ್ಲಿಂದ ಒಂದು ಉಪಸಮಿತಿ. 'ಪರಿಶೀಲನೆಯಲ್ಲಿದೆ' ಎಂದಿದ್ದರೆ ಸಮಾಧಾನ. 'ಮುಂದಿನ ಕ್ರಮಕ್ಕೆ' ಎಂದು ಬಂದರೆ ಅವತ್ತು ಮಧ್ಯಾಹ್ನದ ಡಬ್ಬಿ ಹಾಗೇ ಮನೆಗೆ ವಾಪಸು. ಯಾರೋ ಒಬ್ಬ ಧೈರ್ಯವಂತ ಎದ್ದು ಸಹಿ ಹಾಕಿಬಿಟ್ಟರೆ ಎಂಬ ಹೆದರಿಕೆ ಒಂದು ದಿನವೂ ಬಿಡಲಿಲ್ಲ. ಪುಣ್ಯಕ್ಕೆ ಹೋದ ಮೇಜಿನಲ್ಲೆಲ್ಲ ಪೆನ್ನಿಗೆ ಮುಚ್ಚಳ ಬೀಳುತ್ತಿತ್ತು. ಆ ನಡುವೆ ಎರಡು ಬ್ಯಾಚು ಸಸ್ಯಶಾಸ್ತ್ರಕ್ಕೆ ಸೇರಿದವು. ಮಸ್ಕಿ, ಮಾನ್ವಿ, ದೇವದುರ್ಗದ ಕಡೆಯ ಹುಡುಗಿಯರೇ ಹೆಚ್ಚು. ಅವರ ಪ್ರವೇಶಪತ್ರಗಳನ್ನು ಅಂಬಮ್ಮ ಬೇರೆ ಯಾರಿಗೂ ಕೊಡದೆ ತಾನೇ ಬರೆದಳು.

ಎರಡು ವರ್ಷ ಹೀಗೆ ಸರಿಯಿತು. ನೀಲಗಂಗಾ ತಟ್ಟೆಗಳಿಗೆ ನೀರು ಹಾಕುವ ದಿನ ಬಂತು. ಮೌಲಾಸಾಬರನ್ನೂ ಕರೆಸಿದ್ದರು. ಅವರೇ ಮೊದಲ ತಟ್ಟೆಗೆ ಲೋಟದಿಂದ ನೀರು ಹನಿಸಿದರು. ಹುಲ್ಲು ಏಳುವುದಿದ್ದರೆ ಒಂಬತ್ತು ದಿನದೊಳಗೆ ಏಳಬೇಕು ಎಂದಳು ನೀಲಗಂಗಾ. ಮೂರು ದಿನವಾಯಿತು, ಐದಾಯಿತು, ಏಳಾಯಿತು. ನಾಲ್ಕು ನೂರು ತಟ್ಟೆಗಳೂ ಪೊರಕೆಯ ಕಡ್ಡಿಯಂತೆ ಒಣಗಿಯೇ ಇದ್ದವು.

ಎಂಟನೆಯ ದಿನ ಬೆಳಿಗ್ಗೆ ಅಂಬಮ್ಮನ ಮೇಜಿಗೆ ಬೆಂಗಳೂರಿನಿಂದ ಕಡತ ಬಂದು ಬಿತ್ತು. ಲಾಡಿ ಬಿಚ್ಚಿದಳು. ಆದೇಶವಲ್ಲ, ಒಂದು ಪ್ರಶ್ನೆ. "ಸದರಿ ಹಿಂಡಿನಲ್ಲಿದ್ದ ಕುರಿಗಳ ಒಟ್ಟು ಸಂಖ್ಯೆ ಹಾಗೂ ಅವುಗಳ ಇಂದಿನ ಸ್ಥಿತಿಗತಿ ಕುರಿತು ಏಳು ದಿನಗಳೊಳಗೆ ಸ್ಪಷ್ಟೀಕರಣ ನೀಡುವುದು. ತದನಂತರ ಅಂತಿಮ ಆದೇಶ ಹೊರಡಿಸಲಾಗುವುದು."

ಉತ್ತರ ಕೊಡುವುದು ಎರಡು ನಿಮಿಷದ ಕೆಲಸ. ಕುರಿ ಇನ್ನೂರ ಹನ್ನೆರಡು ಎಂದು ಮೌಲಾಸಾಬರು ಬರೆದೇ ಇಟ್ಟಿದ್ದರು. ಸ್ಥಿತಿಗತಿಯನ್ನು ಯಾರಾದರೂ ಊಹಿಸಬಹುದಿತ್ತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅಂಬಮ್ಮ ಬಂದ ಕಾಗದಕ್ಕೆ ಅದೇ ದಿನ ಉತ್ತರ ಬರೆಯದೆ ಮನೆಗೆ ಹೋದವಳಲ್ಲ. ಕಡತವನ್ನು ಮತ್ತೆ ಕಟ್ಟಿದಳು. ಮೇಜಿನ ಮೂಲೆಯಲ್ಲಿದ್ದ ಕಾಗದದ ಗುಡ್ಡೆಯನ್ನು ಎರಡೂ ಕೈಯಿಂದ ಎತ್ತಿ, ಕಡತವನ್ನು ಎಲ್ಲಕ್ಕಿಂತ ತಳದಲ್ಲಿಟ್ಟಳು. ಉತ್ತರ ಹೋಗುವ ತನಕ ಯಥಾಸ್ಥಿತಿ.

ನಂತರ ಶೆಡ್ಡಿಗೆ ಹೋದಳು. ನೀಲಗಂಗಾ ಕೆಳಗೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಹೊಸ ಬ್ಯಾಚಿನ ಹುಡುಗಿಯರು ಸಾಲು ಸಾಲಾಗಿ ಬಗ್ಗಿ ತಟ್ಟೆಗಳನ್ನು ನೋಡುತ್ತಿದ್ದರು. ಯಾರ ಮುಖದಲ್ಲೂ ನೆಮ್ಮದಿಯಿರಲಿಲ್ಲ.

"ನೀಲಾ, ಏನೂ ಬರದಿದ್ರ ಏನು ಮಾಡ್ತಿ?"

"ಬರ್ಲಿಲ್ಲ ಅಂತ ಬರೀತೀನ್ರಿ ಅತ್ತಿ. ಐದು ವರ್ಷಕ್ಕ ಏಳಂಗಿಲ್ಲ ಅಂತ ಮಂದಿಗೆ ಗೊತ್ತಾಗ್ತದಲ್ಲ."

"ಅದರಿಂದ ಏನು ಉಪಯೋಗ?"

ನೀಲಗಂಗಾ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಇಬ್ಬರಿಗೂ ಒಟ್ಟಿಗೇ ನಗು ಬಂತು.

"ನನಗೂ ತಿಳಿದಿಲ್ಲರಿ," ಎಂದಳು. "ಬರ್ರಿ, ನೀವೂ ನೋಡ್ರಿ."

ಅಂಬಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಮೊಣಕಾಲು ಹಿಡಿದು ಬಗ್ಗಿ, ಮೊದಲನೆಯ ತಟ್ಟೆಯಿಂದ ನೋಡುತ್ತ ಹೊರಟಳು. ಇನ್ನೂ ಮುನ್ನೂರ ತೊಂಬತ್ತೊಂಬತ್ತು ಇದ್ದವು.